ಗೋಡೆಗೆ ಮುಖ ಮಾಡಿದ ಕನ್ನಡಿ

"ಗದ್ದ ಸ್ವಲ್ಪ ಕೆಳಗೆ ಮೇಡಂ. ಇನ್ನೊಂದು ಚೂರು. ಹಾಂ, ಅಲ್ಲೇ ಇರ್ಲಿ. ಅಲ್ಲಾಡ್ಬೇಡಿ."

ನಾನು ಅಲ್ಲಾಡಲಿಲ್ಲ. ಏಕೆಂದರೆ ಇಷ್ಟು ಹೇಳಿದ ಫೋಟೋಗ್ರಾಫರ್ ಕ್ಯಾಮೆರಾದ ಹತ್ತಿರ ಹೋಗುವ ಮೊದಲು ಒಂದು ಕೆಲಸ ಮಾಡಿದ್ದ. ಮೂಲೆಯಲ್ಲಿದ್ದ ಆಳೆತ್ತರದ ಕನ್ನಡಿಯ ಚೌಕಟ್ಟಿಗೆ ಕೈ ಹಾಕಿ, ಸಲೀಸಾಗಿ ತಿರುಗಿಸಿ, ಅದರ ಮುಖವನ್ನು ಗೋಡೆಗೆ ಮಾಡಿ ನಿಲ್ಲಿಸಿದ್ದ.

ನನ್ನೆದುರು ಈಗ ಕನ್ನಡಿಯ ಬೆನ್ನಿತ್ತು. ಕಂದು ಹಲಗೆ, ತುಕ್ಕು ಹಿಡಿದ ಮೊಳೆಗಳು, ಒಂದು ಜೇಡರ ಬಲೆ.

ಇಂಥ ಬೆನ್ನನ್ನು ನಾನು ಮೂರು ಮನೆಗಳಲ್ಲಿ ನೋಡಿದ್ದೆ. ಮೂರು ಕಡೆಯೂ ಅದರ ಪಕ್ಕದಲ್ಲಿ ಒಬ್ಬೊಬ್ಬ ಹೆಂಗಸು ಸತ್ತು ಬಿದ್ದಿದ್ದಳು.

ಕ್ಯಾಮೆರಾ ಕ್ಲಿಕ್ ಎಂದಿತು.

"ಸ್ಮೈಲ್ ಅಂದೆ. ಕೇಳಿಸ್ಲಿಲ್ವಾ ಮೇಡಂ?"

ನಮ್ಮ ಠಾಣೆಯಲ್ಲಿ ಈ ಮನುಷ್ಯನನ್ನು ಎಲ್ಲರೂ ಕರೆಯುವುದೇ ಸ್ಮೈಲ್ ಅಣ್ಣ ಎಂದು. ಗುರುತಿನ ಚೀಟಿಗೆ ಕೂತ ಸಿಬ್ಬಂದಿಗೂ 'ಸ್ಮೈಲ್', ಕೋಳ ಹಾಕಿಸಿಕೊಂಡು ನಿಂತ ಕಳ್ಳನಿಗೂ 'ಸ್ಮೈಲ್'. ಹೆಣದ ಫೋಟೋ ತೆಗೆಯುವಾಗಲೂ ಅಭ್ಯಾಸಬಲದಿಂದ ಅದೇ ಮಾತು ಬಾಯಿಗೆ ಬಂದುಬಿಡುತ್ತದೆ ಎಂದು ಅವನ ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದೆವು. ನನಗೂ ಒಂದು ಅಡ್ಡಹೆಸರಿದೆ: ಪ್ರಶ್ನೆ ಮೇಡಂ. ಸಬ್ ಇನ್ಸ್‌ಪೆಕ್ಟರ್ ಎಂದು ಬಾಗಿಲ ಮೇಲೆ ಬರೆಸಿಕೊಂಡರೂ ಆ ಹೆಸರು ಹೋಗಲಿಲ್ಲ.

ಆ ದಿನವೂ ಕೇಳಿಯೇಬಿಟ್ಟೆ.

"ಅಣ್ಣ, ಆ ಕನ್ನಡಿ ಯಾಕೆ ತಿರುಗಿಸಿದ್ರಿ?"

"ಯಾವ್ದು? ಓ, ಅದಾ?" ಅವನು ಲೆನ್ಸಿನ ಮುಚ್ಚಳಕ್ಕಾಗಿ ಜೇಬು ತಡಕಾಡುತ್ತಿದ್ದ. "ರೂಢಿ ಮೇಡಂ. ಫ್ಲ್ಯಾಶ್ ಹೊಡೆದ್ರೆ ಕನ್ನಡಿ ವಾಪಸ್ ಹೊಡೆಯುತ್ತೆ. ಫೋಟೋ ಮಧ್ಯೆ ಒಂದು ಬಿಳಿ ಚೆಂಡು ಬಂದು ಕೂತ್ಕೊಳ್ಳುತ್ತೆ. ಇಲ್ಲಾಂದ್ರೆ ಕ್ಯಾಮೆರಾ ಹಿಡ್ಕೊಂಡು ಪೆದ್ದನ ಹಾಗೆ ನಾನೇ ನಿಂತಿರ್ತೀನಿ. ಸಾಕ್ಷಿ ಫೋಟೋದಲ್ಲಿ ನನ್ನ ಮುಸುಡಿ ಯಾರಿಗೆ ಬೇಕು ಹೇಳಿ?"

"ಹೊರಗಡೆ ಹೋದಾಗ್ಲೂ ಹೀಗೇನಾ?"

"ಎಲ್ಲಿ ಹೋದ್ರೂ ಅಷ್ಟೇ. ಒಳಗೆ ಕಾಲಿಟ್ಟ ಕೂಡ್ಲೇ ಮೊದಲ ಕೆಲಸ ಅದು."

"ಆ ಟೈಲರ್ ಹೆಂಗಸರ ಮನೇಲೂ?"

"ಅಲ್ಲಿ ಇನ್ನೂ ಮುಖ್ಯ! ಅಷ್ಟುದ್ದದ ಕನ್ನಡಿ ಇಟ್ಕೊಂಡಿರ್ತಾರೆ, ಬಟ್ಟೆ ಹಾಕ್ಕೊಂಡು ನೋಡೋಕೆ ಅಂತ." ಅವನು ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಯಾಕೆ ಮೇಡಂ? ಏನಾದ್ರೂ ತಪ್ಪಾಯ್ತಾ?"

ತಪ್ಪಾಯಿತೇ ಎಂದು ಕೇಳುತ್ತಾನೆ! ಎದ್ದು ಅವನ ಕಾಲರ್ ಹಿಡಿಯಬೇಕೋ, ಅಪ್ಪಿಕೊಳ್ಳಬೇಕೋ ತಿಳಿಯದೆ ಸ್ಟೂಲಿನ ಮೇಲೆ ಹಾಗೇ ಕೂತಿದ್ದೆ. ಆ ಒಂದು ರೂಢಿಯ ದೆಸೆಯಿಂದ ನನ್ನ ಸೋದರಮಾವ ಕೊಲೆಗಾರನೆಂದು ಹೇಳಿಸಿಕೊಂಡು, ಇದೇ ಕಟ್ಟಡದ ಇನ್ನೊಂದು ತುದಿಯಲ್ಲಿ ಕಂಬಿ ಹಿಡಿದು ಕೂತಿದ್ದ.

ಅದು ಹೇಗೆ ಎಂದು ಹೇಳುತ್ತೇನೆ.

ಸತ್ತ ಮೂವರೂ ಮನೆಯಲ್ಲೇ ಬಟ್ಟೆ ಹೊಲಿದು ಬದುಕುತ್ತಿದ್ದ, ಒಂಟಿಯಾಗಿದ್ದ ಹೆಂಗಸರು. ಹಾಡಹಗಲಲ್ಲಿ, ತಮ್ಮ ಮುಂದಿನ ಕೋಣೆಯಲ್ಲೇ, ತಮ್ಮದೇ ಅಳತೆ ಟೇಪಿನಿಂದ ಕೊರಳು ಬಿಗಿಸಿಕೊಂಡು ಸತ್ತಿದ್ದರು. ಬೀಗ ಒಡೆದಿರಲಿಲ್ಲ, ಒಂದು ಕಾಸೂ ಕದ್ದಿರಲಿಲ್ಲ. ಎರಡನೆಯ ಕೊಲೆಯಾದ ಮೇಲೆ ಇನ್ಸ್‌ಪೆಕ್ಟರ್ ಸಾಹೇಬರು ಬೇರೆ ದಾರಿ ಕಾಣದೆ ಮೇಷ್ಟ್ರನ್ನು ಕರೆಸಿದರು.

ಮೇಷ್ಟ್ರು ಜೈಲುಗಳಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದು ನಿವೃತ್ತರಾದವರು. ಒಂದರ ಹಿಂದೊಂದು ಕೊಲೆ ಮಾಡಿ ಸಿಕ್ಕಿಬಿದ್ದವರ ಎದುರು ಮೇಜು ಹಾಕಿಕೊಂಡು ಕೂತು, ಅವರ ಮಾತು ಕೇಳುವುದರಲ್ಲೇ ಆಯುಷ್ಯ ಸವೆಸಿದವರು. ಕಾಫಿಗೆ ಸಕ್ಕರೆ ಕಡಿಮೆಯಾದರೆ ರೇಗುವ, ಹೆಣದ ಚಿತ್ರ ನೋಡುವಾಗ ಮಾತ್ರ ದನಿ ಏರಿಸದ ಮನುಷ್ಯ. ಠಾಣೆಯ ಹಿಂಭಾಗದ ಸಭಾಕೋಣೆಯಲ್ಲಿ ಪಾಠ ಶುರುವಾಯಿತು. ವಿದ್ಯಾರ್ಥಿಗಳು ಇಬ್ಬರೇ, ಸಾಹೇಬರು ಮತ್ತು ನಾನು.

ಮೊದಲ ದಿನವೇ ನಾನು ಕೊಲೆಗಾರನನ್ನು ರಾಕ್ಷಸ ಎಂದೆ. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ರಾಕ್ಷಸ ಅಂತ ಬರ್ಕೊಂಡ್ರೆ ಎಲ್ಲಿ ಅಂತ ಹುಡುಕ್ತೀಯಮ್ಮ? ರಾಕ್ಷಸರಿಗೆ ವಿಳಾಸ ಇರಲ್ಲ. ಇವನಿಗೆ ಇದೆ. ಬೆಳಗ್ಗೆ ಎದ್ದು ಹಲ್ಲುಜ್ಜುತ್ತಾನೆ, ಕೆಲಸಕ್ಕೆ ಹೋಗ್ತಾನೆ, ಪಕ್ಕದ ಮನೆಯವರ ಮಗುವಿಗೆ ಟಾಟಾ ಮಾಡ್ತಾನೆ. ಮೊದಲು ಆ ಮನುಷ್ಯನನ್ನ ಹುಡುಕು."

ಆಮೇಲೆ ಅವರು ಹೇಳಿದ ಪಾಠ ನನಗೆ ಬಾಯಿಪಾಠವಾಗಿದೆ. ಕೊಲೆಗಾರ ಮಾಡುವ ಕೆಲಸಗಳಲ್ಲಿ ಎರಡು ಬಗೆ. ಕೆಲಸ ಆಗಲೆಂದು ಮಾಡುವುದು ಒಂದು: ಬಾಗಿಲು ತೆಗೆಸುವುದು, ಬಾಯಿ ಮುಚ್ಚಿಸುವುದು, ತಪ್ಪಿಸಿಕೊಳ್ಳುವುದು. ಇದು ಅನುಭವ ಬಂದಂತೆ ಬದಲಾಗುತ್ತದೆ, ಯಾವ ಕಸುಬಿನಲ್ಲೂ ಕೈ ಪಳಗುತ್ತದಲ್ಲ, ಹಾಗೆ. ಇನ್ನೊಂದು, ಕೆಲಸಕ್ಕೆ ಬೇಕಿಲ್ಲದಿದ್ದರೂ ತನ್ನ ಮನಸ್ಸಿಗೆ ಬೇಕೆಂದು ಮಾಡುವುದು. ಅದು ಬದಲಾಗುವುದಿಲ್ಲ. ಅದನ್ನು ಮೇಷ್ಟ್ರು ಅವನ ಸಹಿ ಎನ್ನುತ್ತಿದ್ದರು.

"ಬೇಡದೇ ಇದ್ರೂ ಮಾಡಿದ್ದು ಏನು? ಅದನ್ನ ಹೇಳಿ. ಉಳಿದದ್ದು ಆಮೇಲೆ."

ಪರದೆಯ ಮೇಲೆ ಎರಡೂ ಮನೆಗಳ ಚಿತ್ರಗಳಿದ್ದವು. ನಾನು ತಟ್ಟನೆ ಹೇಳಿದೆ, "ಕನ್ನಡಿ!" ಎರಡೂ ಮನೆಯಲ್ಲಿ ಕನ್ನಡಿ ಗೋಡೆಗೆ ಮುಖ ಮಾಡಿತ್ತು. ಕೊಲ್ಲುವುದಕ್ಕೆ ಅದು ಬೇಕಿಲ್ಲ. ಹಾಗಾದರೆ ಯಾಕೆ? ತನ್ನ ಮುಖ ತಾನು ನೋಡಲಾರದವನು. ಮುಖದ ಬಗ್ಗೆ ನಾಚಿಕೆ ಇರುವವನು. ಪ್ರಾಯಶಃ ಕಲೆಯೋ ಊನವೋ ಇರುವವನು. ಒಂಟಿ. ಈ ಹೆಂಗಸರ ಮನೆಗೆ ಹೋಗಿ ಬರುವ ಕಾರಣ ಇದ್ದವನು. ನಾನು ಹೇಳುತ್ತಾ ಹೋದೆ, ಮೇಷ್ಟ್ರು ತಲೆಯಾಡಿಸುತ್ತಾ ಹೋದರು, ಸಾಹೇಬರು ಬರೆದುಕೊಳ್ಳುತ್ತಾ ಹೋದರು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಕನ್ನಡಿಯ ಮಾತು ಆ ಕೋಣೆ ದಾಟಬಾರದು ಎಂದು ಮೇಷ್ಟ್ರು ಕಟ್ಟಪ್ಪಣೆ ಮಾಡಿದರು. ಪತ್ರಿಕೆಗೆ ಗೊತ್ತಾಗಬಾರದು, ಪೇದೆಗಳಿಗೆ ಗೊತ್ತಾಗಬಾರದು, ಸಿಕ್ಕಿಬಿದ್ದವನಿಗಂತೂ ಗೊತ್ತಾಗಲೇಬಾರದು. ಅವನ ಬಾಯಿಂದಲೇ ಅದು ಹೊರಬರಬೇಕು. ಪ್ರೊಜೆಕ್ಟರ್ ಹಾಕಿ ಚಿತ್ರ ತೋರಿಸಲು ಬರುತ್ತಿದ್ದ ಸ್ಮೈಲ್ ಅಣ್ಣನನ್ನು ಕೂಡ ಚಿತ್ರ ಮುಗಿದ ಮೇಲೆ ಹೊರಗೆ ಕಳಿಸಿಯೇ ನಾವು ಮಾತಿಗೆ ಕೂರುತ್ತಿದ್ದೆವು.

ಒಂದೇ ಒಂದು ಸಂಗತಿ ಮೇಷ್ಟ್ರಿಗೆ ಹಿಡಿಸಿರಲಿಲ್ಲ. "ಇಂಥವರು ಏನಾದ್ರೂ ನೆನಪಿಗೆ ಅಂತ ಒಯ್ತಾರೆ. ಒಂದು ಗುಂಡಿ, ಒಂದು ಕರವಸ್ತ್ರ, ಏನೋ ಒಂದು. ಇಟ್ಕೊಂಡು ಮತ್ತೆ ಮತ್ತೆ ನೋಡೋಕೆ. ಇವನು ಏನೂ ತಗೊಂಡಿಲ್ವಲ್ಲ. ಯಾಕೆ?"

ಕೋಣೆಗಳ ಸಾಮಾನಿನ ಪಟ್ಟಿಯನ್ನು ಸಾಹೇಬರೂ ನಾನೂ ಮತ್ತೆ ಮೊದಲಿನಿಂದ ಓದಿದೆವು.

ಮೂರನೆಯ ಕೊಲೆಯಾಯಿತು. ಅಲ್ಲೂ ಕನ್ನಡಿ ತಿರುಗಿತ್ತು. ಸಾಹೇಬರು ನನ್ನ ವರ್ಣನೆ ಹಿಡಿದುಕೊಂಡು ಹೊರಟರು. ಮೂರು ಮನೆಗೂ ಹೋಗಿಬರುತ್ತಿದ್ದ ಗಂಡಸು ಯಾರು? ಹೊಲಿಗೆ ಯಂತ್ರ ರಿಪೇರಿಯವನು. ಒಂಟಿಯೇ? ಹೌದು, ಮದುವೆಯಾಗಿಲ್ಲ. ಮುಖದ ಮೇಲೆ ಕಲೆ? ಎಳೆಯ ವಯಸ್ಸಿನಲ್ಲಿ ಸ್ಟೌ ಸಿಡಿದು ಎಡಗೆನ್ನೆ ಪೂರ್ತಿ ಸುಟ್ಟಿದೆ. ಮನೆ ಶೋಧಿಸಿದರು. ಇಡೀ ಮನೆಯಲ್ಲಿ ಒಂದೂ ಕನ್ನಡಿ ಇಲ್ಲ.

ನಾನು ಬೆಳೆದ ಮನೆ ಅದು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಓದಿಸಿ, ಪೊಲೀಸ್ ಸಮವಸ್ತ್ರದ ಮೊದಲ ಜೊತೆಯನ್ನು ತಾನೇ ಬಿಗಿ ಮಾಡಿ ಹೊಲಿದುಕೊಟ್ಟ ಮಾವ ಅವನು. "ನೋಡ್ಕೊಂಡು ಏನು ಮಾಡ್ಲಿ? ಮುಖ ಇರೋ ಜಾಗ ಕೈಗೆ ಗೊತ್ತು" ಎಂದು ನಗುತ್ತಾ ತಡವಿಕೊಂಡೇ ಗಡ್ಡ ಹೆರೆಯುತ್ತಿದ್ದ. ನಾನು ಪಾಸಾಗಬೇಕೆಂಬ ಹುಮ್ಮಸ್ಸಿನಲ್ಲಿ ಬಿಡಿಸಿದ ಚಿತ್ರಕ್ಕೆ ನನ್ನ ಮನೆಯವನ ಮುಖವೇ ಸರಿಯಾಗಿ ಕೂತಿತು. ಆರೋಪಿ ಬಂಧುವಾದ್ದರಿಂದ ನನ್ನನ್ನು ತನಿಖೆಯಿಂದ ತೆಗೆದು ಕಚೇರಿ ಶಾಖೆಗೆ ಹಾಕಿದರು. ಹೊಸ ಶಾಖೆಗೆ ಹೊಸ ಗುರುತಿನ ಚೀಟಿ, ಅದಕ್ಕೆ ಹೊಸ ಫೋಟೋ. ಹಾಗಾಗಿ ಆ ಮಧ್ಯಾಹ್ನ ಆ ಸ್ಟೂಲಿನ ಮೇಲೆ ಕೂತಿದ್ದೆ.

"ಅಣ್ಣ, ಬನ್ನಿ ನನ್ನ ಜೊತೆ. ಈಗ ಹೇಳಿದ್ದನ್ನ ಸಾಹೇಬ್ರ ಮುಂದೆ ಹೇಳಿ."

"ಬೈತಾರೇನೋ ಮೇಡಂ."

"ಬೈಸ್ಕೊಳ್ಳಿ. ನನ್ನ ಮಾವನ ಜೀವ ಉಳಿಯುತ್ತೆ."

* * *

ಸಭಾಕೋಣೆಯಲ್ಲಿ ಸಾಹೇಬರೂ ಮೇಷ್ಟ್ರೂ ಮಾವನ ವಿಚಾರಣೆಗೆ ಪ್ರಶ್ನೆಗಳನ್ನು ತಯಾರು ಮಾಡುತ್ತಿದ್ದರು. ಸ್ಮೈಲ್ ಅಣ್ಣ ಬಾಗಿಲ ಹತ್ತಿರವೇ ನಿಂತು, ಟೋಪಿ ಕೈಯಲ್ಲಿ ಹಿಡಿದು, ಕನ್ನಡಿ ತಿರುಗಿಸುವ ತನ್ನ ರೂಢಿಯನ್ನು ಮತ್ತೊಮ್ಮೆ ಒಪ್ಪಿಸಿದ. ಮೂರು ಮನೆಯಲ್ಲೂ ತಾನೇ ತಿರುಗಿಸಿದ್ದು ಎಂದ. ಹೆಣ ಮೊದಲು ಕಂಡವರು ಹೊಸ್ತಿಲಲ್ಲೇ ಕಿರುಚಿ ಓಡಿದ್ದರು, ಅವರಿಗೆ ಕನ್ನಡಿ ನೋಡುವ ವ್ಯವಧಾನ ಎಲ್ಲಿತ್ತು? ಅವರ ನಂತರ ಒಳಗೆ ಹೋಗುವವನು ಫೋಟೋಗ್ರಾಫರ್ ಒಬ್ಬನೇ. ಅವನ ಕೆಲಸ ಮುಗಿಯುವವರೆಗೆ ನಾವು ಯಾರೂ ಒಳಗೆ ಕಾಲಿಡುವಂತಿಲ್ಲ. ನಮ್ಮ ಇಲಾಖೆಯ ನಿಯಮವೇ ಅದು.

"ಏನನ್ನೂ ಮುಟ್ಟೋ ಮೊದಲು ಫೋಟೋ ತೆಗೀಬೇಕು ಅಂತ ನಿಂಗೆ ಯಾರೂ ಹೇಳ್ಕೊಟ್ಟಿಲ್ವೇನಯ್ಯಾ?" ಸಾಹೇಬರ ಕತ್ತಿನ ನರ ಉಬ್ಬಿತ್ತು.

"ಫೋಟೋ ಚೆನ್ನಾಗಿ ಬರ್ಲಿ ಅಂತ ಸಾರ್. ಕನ್ನಡಿ ಮುಖ್ಯ ಅಂತ ನಂಗೇನು ಗೊತ್ತು? ನನ್ನ ಯಾವತ್ತೂ ಒಳಗೆ ಕೂರಿಸ್ಕೊಂಡಿಲ್ವಲ್ಲ."

ಅದು ನಿಜ. ಸಾಹೇಬರು ಕೈ ಬೀಸಿದರು. "ಹೊರಗೆ ನಿಂತ್ಕೋ ಹೋಗು."

ಅವನು ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದ.

ಕಾಫಿ ಲೋಟ ಮೇಷ್ಟ್ರ ಕೈಯಲ್ಲೇ ತಣ್ಣಗಾಯಿತು. ವಯಸ್ಸಾದವರ ಮುಖದಲ್ಲಿ ಅವಮಾನ ನೋಡುವುದು ಕಷ್ಟ, ನಾನು ಕಣ್ಣು ತಪ್ಪಿಸಿದೆ.

"ಸಹಿ ಅಂದ್ಕೊಂಡು ಓದಿದ್ದು ನಮ್ಮ ಗುಮಾಸ್ತನ ಅಕ್ಷರ" ಎಂದರು ಕೊನೆಗೆ. "ಸಾಹೇಬ್ರೇ, ಇವಳ ಮಾವನ ಮೇಲೆ ನಾನು ಹೇಳಿದ್ದೆಲ್ಲ ವಾಪಸ್ ತಗೋತೀನಿ. ಮುಖದ ಕಲೆ, ನಾಚಿಕೆ, ಮನೇಲಿ ಕನ್ನಡಿ ಇಲ್ಲದ್ದು, ಇದ್ಯಾವ್ದಕ್ಕೂ ಈಗ ಕಾಲಿಲ್ಲ."

"ಕಾಲಿಲ್ದೇ ಇದ್ರೆ ಬೇಡ. ಮೂರು ಮನೆಗೂ ಹೋಗ್ತಿದ್ದವನು ಅವನೇ ತಾನೇ?"

"ಹಾಲಿನವನೂ ಹೋಗ್ತಿದ್ದ ಸಾರ್" ಎಂದೆ. "ಅಂಚೆಯವನೂ ಹೋಗ್ತಿದ್ದ. ಅವರನ್ನ ಯಾಕೆ ಹಿಡೀಲಿಲ್ಲ? ಅವರ ಮನೇಲಿ ಕನ್ನಡಿ ಇತ್ತು, ಅದಕ್ಕೆ ತಾನೇ?"

"ನೀವು ಈ ಕೇಸಿನಲ್ಲಿಲ್ಲ ರೀ."

"ನಾನು ಕೇಸಿನಲ್ಲಿಲ್ಲ ಸಾರ್. ಆದ್ರೆ ಅವನ ಮನೇಲಿದ್ದೀನಿ. ಯಂತ್ರದ ಸೂಜಿ ಒಬ್ಬ ಹೆಂಗಸಿನ ಬೆರಳಿಗೆ ಹೊಕ್ಕಿತು ಅಂದ್ರೆ ಆ ದಿನ ಊಟ ಬಿಡೋ ಮನುಷ್ಯ ಅವನು!" ನನ್ನ ದನಿ ಒಡೆಯಿತು. ಒಡೆಯಬಾರದೆಂದುಕೊಂಡಿದ್ದೆ. "ಅವನ ಕೈ ಕಾಲು ನಡುಗ್ತಾ ಇದೆ. ರಾತ್ರಿ ನಿದ್ದೆ ಇಲ್ಲ. ಇನ್ನು ಸ್ವಲ್ಪ ದಿನ ಇಟ್ಕೊಂಡ್ರೆ ನೀವು ಕೇಳಿದ್ದಕ್ಕೆಲ್ಲ ಹೂಂ ಅಂದ್ಬಿಡ್ತಾನೆ. ಅದನ್ನ ತಪ್ಪೊಪ್ಪಿಗೆ ಅಂತ ಬರ್ಕೊಳ್ತೀರಿ."

ಸಾಹೇಬರು ಕೆಟ್ಟವರಲ್ಲ. ಮೇಲಿನವರ ಫೋನಿಗೆ ಬೆಚ್ಚಿ ಬೀಳುವವರು, ಅಷ್ಟೇ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

"ನೋಡಿ, ಅವನು ಒಳಗೆ ಬಂದ ಮೇಲೆ ಊರು ತಣ್ಣಗಿದೆ. ಹೆಂಗಸರು ಬಾಗಿಲು ತೆಗೆದಿಟ್ಕೊಂಡು ಮತ್ತೆ ಹೊಲೀತಾ ಇದ್ದಾರೆ. ಈಗ ನಾನು ಬಿಟ್ಟು, ನಾಳೆ ಏನಾದ್ರೂ ಆದ್ರೆ? ಬಿಡಲ್ಲ. ಅವನು ಒಳಗಿರುವಾಗ್ಲೇ ಇನ್ನೊಂದು ನಡೆದ್ರೆ, ಆ ಕ್ಷಣಕ್ಕೆ ಬಾಗಿಲು ತೆಗೀತೀನಿ. ನನ್ನ ಮಾತು ಅಷ್ಟೇ."

ಮೇಷ್ಟ್ರು ತಲೆ ಎತ್ತಿದರು. "ಹಾಗೆ ಗಟ್ಟಿಯಾಗಿ ಹೇಳ್ಬೇಡಿ ಸಾಹೇಬ್ರೇ."

"ಯಾಕೆ?"

"ಜೈಲಲ್ಲಿ ನಾನು ಕಂಡವರಲ್ಲಿ ಬಹಳ ಜನಕ್ಕೆ ಸಿಕ್ಕಿಬೀಳೋದಕ್ಕಿಂತ ದೊಡ್ಡ ಸಂಕಟ ಒಂದಿತ್ತು. ತಾನು ಮಾಡಿದ್ದು ಬೇರೆಯವನ ಹೆಸರಿಗೆ ಹೋಗೋದು. ಅದನ್ನ ಅವರು ಸಹಿಸಲ್ಲ. ತನಿಖೆಯ ಅಕ್ಕಪಕ್ಕದಲ್ಲೇ ಸುಳೀತಾ ಇರ್ತಾರೆ, ತಮ್ಮ ಬಗ್ಗೆ ಏನು ಹೇಳ್ತಾರೆ ಅಂತ ಕಿವಿ ಕೊಟ್ಟು. ಹೊರಗಿರೋನು ನಿಜವಾದ ಕೊಲೆಗಾರ ಆಗಿದ್ರೆ, ಇವಳ ಮಾವ ಒಳಗಿರೋದು ಅವನಿಗೆ ನೆಮ್ಮದಿ ಅಲ್ಲ. ಕುತ್ತಿಗೆ ಮೇಲೆ ಕೂತ ನೊಣ."

ಸಾಹೇಬರಿಗೆ ಆ ಹೊತ್ತಿಗೆ ಪಾಠ ಸಾಕಾಗಿತ್ತು. ನನಗೆ ಬಾಗಿಲು ತೋರಿಸಿದರು.

ಮೊಗಸಾಲೆಯಲ್ಲಿ ಸ್ಮೈಲ್ ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಅಷ್ಟರಲ್ಲೇ ಹೋಗಿ ನನ್ನ ಫೋಟೋ ಮುದ್ರಿಸಿ ತಂದಿದ್ದ, ಪುಟ್ಟ ಲಕೋಟೆಯಲ್ಲಿ.

"ಏನಂದ್ರು ಮೇಡಂ? ಬಿಡ್ತಾರಂತಾ?"

"ಎಲ್ಲಿ ಬಿಡ್ತಾರೆ! ಮಾವ ಒಳಗಿರುವಾಗ ಇನ್ನೊಂದು ಹೆಣ ಬಿದ್ರೆ ಬಿಡ್ತಾರಂತೆ. ಅಲ್ಲೀವರೆಗೂ ಇಲ್ಲ." ಸಿಟ್ಟಿನಲ್ಲಿ ನಾನು ಅವನ ಮುಖವನ್ನೂ ಸರಿಯಾಗಿ ನೋಡಲಿಲ್ಲ.

"ಹಾಗಂದ್ರಾ?" ಎಂದ ಅವನು ಮೆತ್ತಗೆ. ಆಮೇಲೆ ಲಕೋಟೆ ಕೈಗಿಟ್ಟ. "ತಗೊಳ್ಳಿ. ಚೆನ್ನಾಗಿ ಬಂದಿದೆ."

* * *

ಮಾವ ಲಾಕಪ್ಪಿನ ಮೂಲೆಯಲ್ಲಿ ಮಂಡಿ ಅಪ್ಪಿಕೊಂಡು ಕೂತಿದ್ದ. ಕಾವಲಿನ ಪೇದೆ ನನ್ನನ್ನು ಕಂಡು, ಏನೋ ನೆನಪಾದವನಂತೆ ಅತ್ತ ಹೋದ. ಪುಣ್ಯಾತ್ಮ.

"ಬಂದ್ಯಾ ಪುಟ್ಟಿ? ನನ್ನ ಯಂತ್ರಕ್ಕೆ ಎಣ್ಣೆ ಬಿಟ್ಟೆಯಾ? ಬಿಡ್ದಿದ್ರೆ ಹಿಡ್ಕೊಂಡ್ಬಿಡುತ್ತೆ ಕಣೇ."

"ಬಿಟ್ಟೆ ಮಾವ." ಬಿಟ್ಟಿರಲಿಲ್ಲ. ಕಂಬಿಯ ನಡುವಿಂದ ಅವನ ಕೈ ಹಿಡಿದೆ. ಬೆರಳುಗಳು ತಣ್ಣಗಿದ್ದವು. "ಮಾವ, ಒಂದು ಒಳ್ಳೇ ಸುದ್ದಿ ಇದೆ. ಪೂರ್ತಿ ಒಳ್ಳೇದಲ್ಲ, ಅರ್ಧ."

"ಅರ್ಧ ಆದ್ರೂ ಹೇಳು. ಇಲ್ಲಿ ಅಷ್ಟೂ ಸಿಗಲ್ಲ."

ಇನ್ನು ಗುಟ್ಟಿಗೆ ಬೆಲೆ ಇರಲಿಲ್ಲ. "ನಿನ್ನ ಹಿಡಿದದ್ದಕ್ಕೆ ಒಂದು ಕಾರಣ ಇತ್ತು, ನಿನಗೆ ಹೇಳೋ ಹಾಗಿರ್ಲಿಲ್ಲ. ಆ ಮನೆಗಳಲ್ಲಿ…"

"ಕನ್ನಡಿ ತಿರುಗಿತ್ತು, ನಮ್ಮನೇಲಿ ಕನ್ನಡಿ ಇಲ್ಲ. ಅದೇ ತಾನೇ? ಗೊತ್ತು ಬಿಡು."

ನಾನು ಕಂಬಿಗೆ ಇನ್ನೂ ಹತ್ತಿರ ಸರಿದೆ. "ಸಾಹೇಬ್ರು ಹೇಳಿದ್ರಾ?"

"ಅವರೆಲ್ಲಿ ಹೇಳ್ತಾರೆ, ಬರೀ ಕೇಳ್ತಾರೆ. ಬೆಳಗ್ಗೆ ಫೋಟೋ ತೆಗೆಯೋನು ಬಂದಿದ್ದ. ಎದುರಿಂದ ಒಂದು, ಪಕ್ಕದಿಂದ ಒಂದು ತೆಗೆದ. ಸುಟ್ಟ ಕೆನ್ನೆ ಹತ್ರ ಬಂದು ಬಹಳ ಹೊತ್ತು ನೋಡ್ದ. 'ಈ ಕೆನ್ನೆ, ಆ ಕನ್ನಡಿ, ಇಷ್ಟಕ್ಕೇ ಇವರು ನಿನ್ನ ಹಿಡಿದಿದ್ದು. ನಿನ್ನ ಕೈಲಿ ಅದೆಲ್ಲ ಆಗೋ ಕೆಲಸ ಅಲ್ಲ' ಅಂದ. ನಂಗೆ ಸಮಾಧಾನ ಆಗ್ಲಿ ಅಂತ ಹೇಳಿದ್ನೇನೋ, ಪಾಪ. ಆದ್ರೆ ಹೇಳೋವಾಗ ಮುಖ ಸಿಟ್ಟಾಗಿತ್ತು."

"ಬೆಳಗ್ಗೆನಾ ಮಾವ? ಮಧ್ಯಾಹ್ನ ಅಲ್ಲ ತಾನೇ?"

"ಬೆಳಗ್ಗೆನೇ. ಕಾಫಿ ಕೊಟ್ಟ ಮೇಲೆ. ಯಾಕೆ, ಮುಖ ಯಾಕೆ ಹಾಗಾಯ್ತು?"

ಕನ್ನಡಿ ಮುಖ್ಯ ಅಂತ ನಂಗೇನು ಗೊತ್ತು ಎಂದು ಮಧ್ಯಾಹ್ನ ಸಾಹೇಬರ ಮುಂದೆ ಟೋಪಿ ಹಿಡಿದುಕೊಂಡು ಹೇಳಿದವನು ಅವನೇ.

ಏನೋ ಕಾರಣ ಇರಬೇಕು ಎಂದುಕೊಂಡೆ. ಪ್ರೊಜೆಕ್ಟರ್ ವಾಪಸ್ ಒಯ್ಯಲು ಬಾಗಿಲ ಹೊರಗೇ ಕಾಯುತ್ತಿದ್ದನಲ್ಲ, ಏನೋ ಕಿವಿಗೆ ಬಿದ್ದಿರಬೇಕು, ಬೈಗುಳದ ಭಯಕ್ಕೆ ಸುಳ್ಳು ಹೇಳಿರಬೇಕು. ಮನುಷ್ಯರು ಹಾಗೆ ಮಾಡುತ್ತಾರೆ. ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಾ ಕೈಯಲ್ಲಿದ್ದ ಲಕೋಟೆಯನ್ನು ಹಿಸುಕುತ್ತಿದ್ದೆ.

"ಅದೇನದು? ನಿನ್ನ ಫೋಟೋನಾ? ಕೊಡು ಇಲ್ಲಿ." ಮಾವ ಕಸಿದುಕೊಂಡ. ನನಗೆ ಒಂದು ಶಾಪವಿದೆ: ಶಾಲೆಯ ಗುಂಪು ಫೋಟೋದಿಂದ ಪೊಲೀಸ್ ತರಬೇತಿಯ ಫೋಟೋವರೆಗೆ ಎಲ್ಲದರಲ್ಲೂ ನಾನು ಕಣ್ಣು ಮುಚ್ಚಿ ನಿದ್ದೆ ಹೊಡೆಯುತ್ತಿರುತ್ತೇನೆ. ಬೆಳಕು ಮಿಂಚಿದರೆ ಸಾಕು, ರೆಪ್ಪೆ ತಾನಾಗಿ ಮುಚ್ಚುತ್ತದೆ. ಮಾವನಿಗೆ ಅದು ಮುಗಿಯದ ತಮಾಷೆ.

ಅವನು ಫೋಟೋ ಬೆಳಕಿಗೆ ಹಿಡಿದ. ಎಷ್ಟೋ ದಿನದ ಮೇಲೆ ಅವನ ಸುಟ್ಟ ಕೆನ್ನೆ ನಗುವಿಗೆ ಸುಕ್ಕಾಯಿತು.

"ಅಯ್ಯೋ ಇವಳ! ಇದೇನೇ ಇದು? ಈ ಸಲ ಕಣ್ಣು ಬಿಟ್ಟಿದ್ದೀಯಲ್ಲೇ!"

ನಾನೂ ನಗಲು ಹೋದೆ. ನಗು ಅರ್ಧಕ್ಕೇ ನಿಂತಿತು.

ಫೋಟೋದಲ್ಲಿ ನನ್ನ ಕಣ್ಣುಗಳು ಅಗಲವಾಗಿ ತೆರೆದಿದ್ದವು. ಬೆಳಕು ಮಿಂಚಿರಲಿಲ್ಲ. ಆ ಕೋಣೆಯ ದೊಡ್ಡ ಕಿಟಕಿಯ ಪರದೆ ಸರಿಸಿ, ಹಗಲ ಬೆಳಕಲ್ಲೇ ಅವನು ಕ್ಲಿಕ್ ಮಾಡಿದ್ದ. ಫ್ಲ್ಯಾಶ್ ಹಾಕದವನು ಫ್ಲ್ಯಾಶಿಗೆಂದು ಕನ್ನಡಿ ಯಾಕೆ ತಿರುಗಿಸಿದ?

ನಾನು ನೋಡಲೆಂದು ತಿರುಗಿಸಿದ. ಪ್ರಶ್ನೆ ಮೇಡಂ ಪ್ರಶ್ನೆ ಕೇಳದೆ ಇರುವುದಿಲ್ಲ ಎಂದು ಗೊತ್ತಿದ್ದೇ ತಿರುಗಿಸಿದ.

ಮೇಷ್ಟ್ರು ಹೇಳಿಕೊಟ್ಟದ್ದೆಲ್ಲ ಒಂದೊಂದಾಗಿ ಬಂದು ಎದುರು ನಿಂತಿತು. ತನಿಖೆಯ ಅಕ್ಕಪಕ್ಕದಲ್ಲೇ ಸುಳಿಯುವವನು. ಇವನಿಲ್ಲದೆ ನಮ್ಮ ತನಿಖೆ ಶುರುವಾಗುತ್ತಲೇ ಇರಲಿಲ್ಲ. ಒಂಟಿ ಹೆಂಗಸು ನಂಬಿ ಬಾಗಿಲು ತೆರೆಯುವಂಥವನು. ಪೊಲೀಸ್ ಇಲಾಖೆಯ ಗುರುತಿನ ಚೀಟಿ ತೋರಿಸಿದವನನ್ನು ಯಾರು ಹೊರಗೆ ನಿಲ್ಲಿಸುತ್ತಾರೆ? ನೆನಪಿಗೆಂದು ಏನನ್ನೂ ಒಯ್ಯಲಿಲ್ಲ ಎಂದು ತಲೆ ಕೆರೆದುಕೊಂಡೆವಲ್ಲ, ಒಯ್ಯುವ ಅಗತ್ಯ ಅವನಿಗೆಲ್ಲಿತ್ತು? ಹೆಣದ ಮುಂದೆ ಒಬ್ಬನೇ ನಿಂತು, ನಿಧಾನವಾಗಿ, ಎಲ್ಲ ಕೋನಗಳಿಂದ ಫೋಟೋ ತೆಗೆದುಕೊಳ್ಳಲು ನಾವೇ ಅವನನ್ನು ಕಳಿಸುತ್ತಿದ್ದೆವು. ನಾವು ಬಾಗಿಲ ಹೊರಗೆ ಕಾಯುತ್ತಿದ್ದೆವು.

ತನ್ನ ಕೆಲಸ ಬೇರೆಯವನ ಹೆಸರಿಗೆ ಹೋಗುವುದನ್ನು ಸಹಿಸದವನು. 'ನಿನ್ನ ಕೈಲಿ ಅದೆಲ್ಲ ಆಗೋ ಕೆಲಸ ಅಲ್ಲ.'

ಅವನಿಗೆ ನಾನು ಏನು ಹೇಳಿ ಬಂದಿದ್ದೆ?

"ಪುಟ್ಟಿ, ಎಲ್ಲಿಗೆ ಓಡ್ತಿದ್ದೀಯೇ?"

ಮೊಗಸಾಲೆ ಖಾಲಿಯಾಗಿತ್ತು. ಅವನ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಸ್ಟೂಲು ಅಲ್ಲೇ ಇತ್ತು, ಬೂದುಬಣ್ಣದ ಹಿನ್ನೆಲೆ ಪರದೆ ಅಲ್ಲೇ ಇತ್ತು, ಕನ್ನಡಿ ಇನ್ನೂ ಗೋಡೆ ನೋಡುತ್ತಿತ್ತು. ಮೊಳೆಯ ಮೇಲೆ ಸದಾ ತೂಗುತ್ತಿದ್ದ ಕ್ಯಾಮೆರಾ ಚೀಲ ಮಾತ್ರ ಇರಲಿಲ್ಲ.

ಮುಂಬಾಗಿಲಿನ ಫೋನ್ ಮೇಜಿನ ಹಿಂದೆ ನಮ್ಮ ಫೋನ್ ಅಕ್ಕ ಕೂತಿದ್ದರು. ಠಾಣೆಗೆ ಬರುವ ಕರೆಯೆಲ್ಲ ಅವರ ಕಿವಿ ದಾಟಿಯೇ ಒಳಗೆ ಬರಬೇಕು. ನನ್ನನ್ನು ಕಂಡೊಡನೆ ಎದ್ದು ನಿಂತರು.

"ಒಳ್ಳೇ ಹೊತ್ತಿಗೆ ಬಂದೆ ಕಣಮ್ಮ. ನಿಮ್ಮ ಮಾವನಿಗೆ ಬಿಡುಗಡೆ ಆಯ್ತು ಅಂದ್ಕೋ. ನಾಲ್ಕನೇದು ಆಯ್ತಂತೆ! ಮತ್ತೆ ಟೈಲರ್ ಹೆಂಗಸೇ ಅಂತೆ. ಸ್ಮೈಲ್ ಈಗ ತಾನೇ ಫೋಟೋ ತೆಗೆಯೋಕೆ ಓಡ್ದ. 'ಸಾಹೇಬ್ರಿಗೆ ನಿಧಾನವಾಗಿ ಹೇಳಿ, ಪ್ರಶ್ನೆ ಮೇಡಂಗೆ ಬೇಗ ಹೇಳಿ' ಅಂತ ನಕ್ಕೊಂಡು ಹೋದ."

ಒಂದು ಕ್ಷಣ, ಒಂದೇ ಕ್ಷಣ, ನನ್ನ ಎದೆ ಹಗುರಾಯಿತು. ಮಾವ ಮನೆಗೆ ಬರುತ್ತಾನೆ ಎನಿಸಿತು. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

"ಅಕ್ಕ, ಯಾವ ಮನೆ? ಯಾವ ಬೀದಿ? ಫೋನ್ ಮಾಡಿದ್ದು ಯಾರು?"

ಫೋನ್ ಅಕ್ಕ ಬಾಯಿ ತೆರೆದರು. ಮೇಜಿನ ಮೇಲಿದ್ದ ಫೋನನ್ನು ನೋಡಿದರು, ಆಮೇಲೆ ನನ್ನನ್ನು. ಅವರ ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ಅದೇ ಕಣಮ್ಮ, ನಾನೂ ಈಗ ಯೋಚಿಸ್ತಿದ್ದೀನಿ. ಊಟ ಆದ ಮೇಲೆ ಈ ಫೋನ್ ಹೊಡ್ಕೊಂಡೇ ಇಲ್ಲ."